ಆ ಸಣ್ಣ ಹೋಸ್ ಪೈಪನ್ನು ಕೀಳುವ ಮುನ್ನ

ಕಾರಿನ ಬಾನೆಟ್ ಎತ್ತಿ ನಿಂತವನಿಗೆ ಏನಾದರೂ ಸೇರಿಸುವ ಆಸೆ ಹುಟ್ಟುತ್ತದೆ, ಇಲ್ಲವೇ ಏನಾದರೂ ಕಿತ್ತುಹಾಕುವ ಆಸೆ. ಸೇರಿಸುವುದಕ್ಕೆ ದುಡ್ಡು ಬೇಕು. ಕೀಳುವುದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಅದಕ್ಕೇ ಇರಬೇಕು, ಖರ್ಚಿಲ್ಲದೆ ಪಿಕಪ್ ಹೆಚ್ಚಿಸುವ ಉಪಾಯಗಳಲ್ಲಿ ಕೀಳುವ ಕೆಲಸಗಳೇ ಜಾಸ್ತಿ. ಅಂಥದ್ದೊಂದು ಉಪಾಯ, ಥ್ರಾಟಲ್ ಬಾಡಿಗೆ ಬಿಸಿ ಕೂಲೆಂಟ್ ತರುವ ಬೆರಳು ಗಾತ್ರದ ಹೋಸ್ ಪೈಪನ್ನು ಬಿಚ್ಚಿ, ಕೂಲೆಂಟ್ ಅತ್ತ ಸುಳಿಯದಂತೆ ಬೇರೆ ದಾರಿ ಹಿಡಿಸುವುದು. ಅಮೆರಿಕದಲ್ಲಿ 1990ರ ದಶಕದ ಕಮಾರೊ, ಕಾರ್ವೆಟ್ ಕಾರುಗಳನ್ನು ಇಟ್ಟುಕೊಂಡಿದ್ದವರ ನಡುವೆ ಇದು ಬಹಳ ಚಾಲ್ತಿಯಲ್ಲಿತ್ತು. ಆಮೇಲೆ ಸಣ್ಣ ಕಾರಿನವರಿಗೂ ಅಂಟಿಕೊಂಡಿತು.

ಬೇಸಿಗೆಯಲ್ಲಿ ಹುಮ್ಮಸ್ಸಿನಿಂದ ಪೈಪ್ ಬಿಚ್ಚಿದವರು ಚಳಿಗಾಲ ಹತ್ತಿರ ಬಂದಂತೆ ಒಂದೇ ಪ್ರಶ್ನೆ ಕೇಳುತ್ತಾರೆ: ಹೀಗೇ ಬಿಟ್ಟರೆ ಏನಾದರೂ ಆಗುತ್ತದೆಯೇ? ಮಿಚಿಗನ್, ಮಿನ್ನೆಸೋಟ, ಟೊರಾಂಟೊ ಕಡೆ ಹಳೆಯ ಕಾರು ಕೊಂಡು ಓಡಾಡುವ ನಮ್ಮ ಹುಡುಗರಿಗೂ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮಿನ್ನೆಸೋಟದಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲಿ ಕೇಳಿದ್ದೂ ಇದನ್ನೇ. “ಇಲ್ಲಿ ಎಷ್ಟೋ ಜನ ತೆಗೆದಿದ್ದಾರೆ ಮಾವ, ಯಾರಿಗೂ ಏನೂ ಆಗಿಲ್ವಂತೆ” ಎಂದ. “ಏನೂ ಆಗಿಲ್ಲ ಅಂತ ನಿಜವಾಗ್ಲೂ ಹೇಳ್ತಿರಬಹುದು ಕಣಪ್ಪ. ಆದ್ರೆ ಏನು ಸಿಕ್ತು ಅಂತ ಕೇಳಿದ್ಯಾ?” ಎಂದೆ. ಅದನ್ನು ಅವನು ಕೇಳಿರಲಿಲ್ಲ.

ಮೊದಲು ಆ ಜಾಗವನ್ನೇ ಹತ್ತಿರದಿಂದ ನೋಡೋಣ. ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಕೊಳವೆಯ ಕ್ಲಿಪ್ ಸಡಿಲಿಸಿ ಪಕ್ಕಕ್ಕೆ ಸರಿಸಿದರೆ ಮುಷ್ಟಿ ಗಾತ್ರದ ಅಲ್ಯೂಮಿನಿಯಂ ತುಂಡೊಂದು ಕಾಣುತ್ತದೆ. ಅದೇ ಥ್ರಾಟಲ್ ಬಾಡಿ. ಸಾಧಾರಣ ಕಾರಿನಲ್ಲಿ ಅದಕ್ಕೆ ಸುಮಾರು 50 ಮಿಲಿಮೀಟರ್ ಅಗಲದ ದುಂಡನೆಯ ಬಾಯಿ. ಬಾಯಿಗೆ ಅಡ್ಡಲಾಗಿ ಒಂದು ತೆಳು ತಟ್ಟೆ. ಗ್ಯಾರೇಜಿನವರು ಬಟರ್‌ಫ್ಲೈ ಎನ್ನುವುದು ಇದನ್ನೇ. ಆಕ್ಸಿಲರೇಟರ್ ಒತ್ತಿದರೆ ತಟ್ಟೆ ತಿರುಗಿ ಗಾಳಿಗೆ ದಾರಿ ಬಿಡುತ್ತದೆ, ಕಾಲು ತೆಗೆದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆದು ಮುಚ್ಚುತ್ತದೆ. ಮುಚ್ಚಿದಾಗಲೂ ಅಂಚಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಆ ಅಂಚಿನ ಮೇಲೆ ಬೆರಳಾಡಿಸಿದರೆ ಕಪ್ಪು ಜಿಡ್ಡು ಮೆತ್ತಿಕೊಳ್ಳುತ್ತದೆ. ಅದು ಎಲ್ಲಿಂದ ಬಂತು ಎಂಬುದು ಮುಂದೆ ಮುಖ್ಯವಾಗುವ ಸಂಗತಿ, ನೆನಪಿರಲಿ. ಈ ತುಂಡಿನ ತಳದಲ್ಲೋ ಪಕ್ಕದಲ್ಲೋ ಎರಡು ಸಣ್ಣ ಮೂತಿಗಳಿರುತ್ತವೆ. ಒಂದರಿಂದ ಎಂಜಿನ್ನಿನ ಬಿಸಿ ಕೂಲೆಂಟ್ ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಟು ಹೋಗುತ್ತದೆ. ಎಂಜಿನ್ ಹದಕ್ಕೆ ಬಂದ ಮೇಲೆ ಆ ಕೂಲೆಂಟ್ ಸಾಮಾನ್ಯವಾಗಿ 85–90 ಡಿಗ್ರಿ ಇರುತ್ತದೆ. ಬೈಪಾಸ್ ಎಂದರೆ ಎರಡೂ ಪೈಪುಗಳನ್ನು ಮೂತಿಯಿಂದ ಎಳೆದು, ನಡುವೆ ಒಂದು ಜಾಯಿಂಟ್ ತುಂಡು ಸಿಕ್ಕಿಸಿ, ಎರಡು ಕ್ಲಿಪ್ ಬಿಗಿಯುವುದು. ಕೈ ಪಳಗಿದವನಿಗೆ ಟೀ ಆರುವುದರೊಳಗೆ ಮುಗಿಯುವ ಕೆಲಸ.

ಕೀಳುವವರ ವಾದ ಸುಳ್ಳಲ್ಲ. ಬಿಸಿ ಗಾಳಿ ತೆಳುವಾಗಿರುತ್ತದೆ, ತೆಳು ಗಾಳಿಯಲ್ಲಿ ಆಮ್ಲಜನಕ ಕಮ್ಮಿ, ಆಮ್ಲಜನಕ ಕಮ್ಮಿಯಾದರೆ ಶಕ್ತಿಯೂ ಕಮ್ಮಿ. ಗಾಳಿಯ ತಾಪ 3 ಡಿಗ್ರಿ ಏರಿದರೆ ಅದರ ಸಾಂದ್ರತೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಇಳಿಯುತ್ತದೆ. ಗಾಳಿ ಹಾದುಹೋಗುವ ಬಾಗಿಲಿಗೇ 90 ಡಿಗ್ರಿಯ ಕೂಲೆಂಟ್ ಹರಿಸುವುದು ಮೂರ್ಖತನ ಎಂದು ಮೇಲುನೋಟಕ್ಕೆ ಯಾರಿಗಾದರೂ ಅನಿಸುತ್ತದೆ. ಆದರೆ ಆ ಬಾಗಿಲಲ್ಲಿ ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಲೆಕ್ಕ ಹಾಕಬೇಕು. 1500 ಸಿಸಿ ಎಂಜಿನ್ 3000 ಸುತ್ತಿನಲ್ಲಿ ಪೂರ್ತಿ ರೇಸ್ ಕೊಟ್ಟು ಓಡುವಾಗ ಸೆಕೆಂಡಿಗೆ 35 ಲೀಟರಿಗೂ ಹೆಚ್ಚು ಗಾಳಿ ಎಳೆಯುತ್ತದೆ. 50 ಮಿಲಿಮೀಟರ್ ಬಾಯಿಯಲ್ಲಿ ಅಷ್ಟು ಗಾಳಿ ನುಗ್ಗಬೇಕಾದರೆ ಅದರ ವೇಗ ಸೆಕೆಂಡಿಗೆ 19 ಮೀಟರ್ ಆಸುಪಾಸು. ಐದು ಸೆಂಟಿಮೀಟರ್ ಉದ್ದದ ಬಿಸಿ ಗೋಡೆಯನ್ನು ಅದು ಸೆಕೆಂಡಿನ ಮುನ್ನೂರು, ನಾನೂರನೇ ಒಂದು ಪಾಲಿನಲ್ಲಿ ದಾಟಿಬಿಡುತ್ತದೆ. ಅಷ್ಟರೊಳಗೆ ಗಾಳಿ ಬಿಸಿಯಾಗುವುದು ಒಂದು ಡಿಗ್ರಿಯ ಲೆಕ್ಕದಲ್ಲಿ. 80 ಅಶ್ವಶಕ್ತಿಯ ಎಂಜಿನ್ನಿಗೆ ಇದರಿಂದ ಆಗುವ ನಷ್ಟ ಕಾಲು ಅಶ್ವಶಕ್ತಿ, ತಪ್ಪಿದರೆ ಅರ್ಧ.

ಅದೂ ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮಾತ್ರ. ದಿನನಿತ್ಯ ನಾವು ಓಡಿಸುವುದು ಅರ್ಧಂಬರ್ಧ ತೆರೆದ ಥ್ರಾಟಲಿನಲ್ಲಿ. ಆಗ ಗಾಳಿಗೆ ತಡೆಯಾಗಿರುವುದು ತಟ್ಟೆಯೇ ಹೊರತು ತಾಪವಲ್ಲ. ಗಾಳಿ ಒಂದಿಷ್ಟು ತೆಳುವಾದರೆ ಕಾಲು ತಾನಾಗಿಯೇ ಒಂದೆಳೆ ಹೆಚ್ಚು ಒತ್ತುತ್ತದೆ, ಅಷ್ಟೇ. ಮೇಲಾಗಿ ಈ ತುಂಡು ಬೋಲ್ಟ್ ಹಾಕಿಸಿಕೊಂಡು ಕೂತಿರುವುದು ಕಾದ ಎಂಜಿನ್ನಿನ ಪಕ್ಕದಲ್ಲಿ. ಕೂಲೆಂಟ್ ತಪ್ಪಿಸಿದ ಮಾತ್ರಕ್ಕೆ ಅದು ತಣ್ಣಗೇನೂ ಉಳಿಯುವುದಿಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಬಾನೆಟ್ ಕೆಳಗಿನ ಬಿಸಿ ಅದನ್ನು ಕಾಯಿಸಿಯೇ ಕಾಯಿಸುತ್ತದೆ. ಈ ನಷ್ಟ ಎಷ್ಟು ಚಿಕ್ಕದು ಎಂದು ತಿಳಿಯಬೇಕಾದರೆ ಶಿರಾಡಿ ಘಾಟಿ ಹತ್ತಿ ಬನ್ನಿ. ಮಂಗಳೂರಿನಿಂದ ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ಬೆಂಗಳೂರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಶೇಕಡಾ 10ರಷ್ಟು ಇಳಿದಿರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅದನ್ನು ಗಮನಿಸದೆ ಹಾಸನದಲ್ಲಿ ಕಾಫಿ ಕುಡಿದು ಬಂದವರು ಕಾಲು ಅಶ್ವಶಕ್ತಿಗಾಗಿ ಪೈಪ್ ಕೀಳುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಅಲ್ಲಿಗೆ ಬಿಸಿ ಕೂಲೆಂಟನ್ನು ತಂದಿಟ್ಟವರು ಯಾಕೆ ತಂದರು? ಹಿಮ ಕಟ್ಟದಿರಲಿ ಎಂದು. ಇಲ್ಲಿಯೇ ಚಳಿ ಎಂಬ ಮಾತು ದಾರಿ ತಪ್ಪಿಸುವುದು. ಚಳಿ ಹೆಚ್ಚಾದಷ್ಟೂ ಹಿಮ ಹೆಚ್ಚು ಎಂದು ನಾವು ಅಂದುಕೊಳ್ಳುತ್ತೇವೆ. ಥ್ರಾಟಲ್ ಬಾಯಿಯಲ್ಲಿ ಲೆಕ್ಕ ಬೇರೆ. ಹಿಮಕ್ಕೆ ಚಳಿಯಷ್ಟೇ ಮುಖ್ಯ ನೀರು. ತೇವ ತುಂಬಿಕೊಂಡ ಒಂದು ಘನ ಮೀಟರ್ ಗಾಳಿಯಲ್ಲಿ 10 ಡಿಗ್ರಿಯಲ್ಲಿ 9 ಗ್ರಾಂ ಆವಿ ಇರುತ್ತದೆ, ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ. ಮೈನಸ್ 20ಕ್ಕೆ ಇಳಿದರೆ ಹೆಚ್ಚೆಂದರೆ 1 ಗ್ರಾಂ. ಮೂಗಿನ ಹೊಳ್ಳೆ ಮರಗಟ್ಟುವ ಚಳಿಯಲ್ಲಿ ಗಾಳಿ ಒಣಗಿದ್ದು. ಅದರಲ್ಲಿ ಹಿಮ ಕಟ್ಟುವಷ್ಟು ಸರಕೇ ಇರುವುದಿಲ್ಲ. ನಿಜವಾದ ಕಿರಿಕಿರಿ ಇರುವುದು ಸೊನ್ನೆಯ ಆಸುಪಾಸಿನ, ಮಂಜು ಮುಸುಕಿದ, ಜಿಟಿಜಿಟಿ ಮಳೆಯ ದಿನಗಳಲ್ಲಿ. ಸ್ವೆಟರ್ ಹಾಕಿ ಆರಾಮವಾಗಿ ಹೊರಗೆ ನಿಲ್ಲಬಹುದಾದ ದಿನವೇ ಎಂಜಿನ್ನಿಗೆ ಕೆಟ್ಟ ದಿನವಾಗಿರಬಹುದು.

ಅರ್ಧ ಮುಚ್ಚಿದ ತಟ್ಟೆಯ ಅಂಚಿನಲ್ಲಿ ನಡೆಯುವುದು ಇಷ್ಟು. ಹೊರಗೆ ವಾತಾವರಣದ ಪೂರ್ತಿ ಒತ್ತಡ, ಒಳಗೆ ಎಂಜಿನ್ ಎಳೆಯುತ್ತಿರುವ ನಿರ್ವಾತ. ಐಡ್ಲಿಂಗ್‌ನಲ್ಲಿ ಗಾಳಿ ಆ ಕೂದಲೆಳೆಯ ಸಂದಿಯಲ್ಲಿ ಶಬ್ದದ ವೇಗಕ್ಕೆ ಹತ್ತಿರ ಹತ್ತಿರ ನುಗ್ಗುತ್ತದೆ. ವೇಗ ಏರಿದಷ್ಟೂ ಗಾಳಿಯ ತಾಪ ಆ ಕ್ಷಣಕ್ಕೆ ಇಳಿಯುತ್ತದೆ, ಅದರೊಳಗಿನ ಆವಿ ಹನಿಯಾಗಿ, ಹನಿ ಹಿಮವಾಗಿ ಅಂಚಿಗೆ ಹತ್ತುತ್ತದೆ. ಕಾರ್ಬ್ಯುರೇಟರಿನ ಕಾಲದಲ್ಲಿ ಇದರ ಮೇಲೆ ಇನ್ನೊಂದು ಕಾಟ ಸೇರುತ್ತಿತ್ತು. ಪೆಟ್ರೋಲ್ ಅಲ್ಲಿಯೇ ಆವಿಯಾಗುತ್ತಿದ್ದುದರಿಂದ ಆ ಜಾಗದ ತಾಪ 20 ಡಿಗ್ರಿಗೂ ಹೆಚ್ಚು ಕುಸಿಯುತ್ತಿತ್ತು. ಹೊರಗೆ 15 ಡಿಗ್ರಿ ಇದ್ದರೂ ಒಳಗೆ ಹಿಮ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನವರಿಗೆ ಇದು ಚೆನ್ನಾಗಿ ಗೊತ್ತು. ಅದರಲ್ಲಿ ಸೈಲೆನ್ಸರ್ ಕಡೆಯ ಬಿಸಿ ಹೊಗೆಯನ್ನು ಸಣ್ಣ ಕೊಳವೆಯಲ್ಲಿ ತಂದು, ಕಾರ್ಬ್ಯುರೇಟರಿನ ಕೆಳಗಿನ ಮ್ಯಾನಿಫೋಲ್ಡನ್ನು ಕಾಯಿಸುವ ಏರ್ಪಾಡಿತ್ತು. ಆ ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ತಂಪು ಮುಂಜಾನೆ ಮ್ಯಾನಿಫೋಲ್ಡಿನ ಮೇಲೆ ಬೆಳ್ಳಗೆ ಹಿಮ ಕಾಣಿಸಿಕೊಂಡು ಎಂಜಿನ್ ತಡವರಿಸುತ್ತಿತ್ತು.

ವಿಮಾನ ಕಲಿಯುವವರಿಗೆ ಇದು ಮೊದಮೊದಲ ಪಾಠಗಳಲ್ಲೊಂದು. ಸೆಸ್ನಾ 152ನಂಥ ತರಬೇತಿ ವಿಮಾನದಲ್ಲಿ ಥ್ರಾಟಲಿನ ಪಕ್ಕದಲ್ಲೇ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಎಳೆದರೆ ಎಕ್ಸಾಸ್ಟ್ ಪಕ್ಕದಲ್ಲಿ ಕಾದ ಗಾಳಿ ಕಾರ್ಬ್ಯುರೇಟರಿಗೆ ಹೋಗುತ್ತದೆ. ಎಳೆದ ಕೂಡಲೇ ಎಂಜಿನ್ನಿನ ಸುತ್ತು ಒಂದಿಷ್ಟು ಇಳಿಯುತ್ತದೆ, ಬಿಸಿ ಗಾಳಿ ತೆಳುವಲ್ಲವೇ. ಒಳಗೆ ಹಿಮ ಇದ್ದಿದ್ದರೆ ಅದು ಕರಗಿ ನೀರು ಸಿಲಿಂಡರಿಗೆ ಹೋಗುವಾಗ ಎಂಜಿನ್ ಕೆಮ್ಮುತ್ತದೆ, ಆಮೇಲೆ ಸುತ್ತು ತಾನಾಗಿ ಮೇಲೇರುತ್ತದೆ. ಶಕ್ತಿ ಇಳಿಯುತ್ತದೆ ಎಂದು ಗೊತ್ತಿದ್ದೂ ಪೈಲಟ್ ಆ ಗುಂಡಿ ಎಳೆಯುತ್ತಾನೆ. ನೆಲಕ್ಕಿಳಿಯಲು ಥ್ರಾಟಲ್ ಮುಚ್ಚುವ ಹೊತ್ತಿಗಂತೂ ಎಳೆದೇ ಎಳೆಯುತ್ತಾನೆ, ಏಕೆಂದರೆ ಹಿಮ ಕಟ್ಟುವುದು ಮುಚ್ಚಿದ ತಟ್ಟೆಗೆ ಇನ್ನೂ ಸುಲಭ. ಆಕಾಶದಲ್ಲಿ ಎಂಜಿನ್ ನಿಂತರೆ ಗಾಡಿಯನ್ನು ಪಕ್ಕಕ್ಕೆ ಹಾಕುವ ಜಾಗವಿಲ್ಲ. ಕಾಲು ಅಶ್ವಶಕ್ತಿಯ ಲೆಕ್ಕ ಅಲ್ಲಿ ಯಾರೂ ಹಾಕುವುದಿಲ್ಲ.

ಕೀಳುವವರ ಕಡೆಯಿಂದಲೂ ನ್ಯಾಯವಾಗಿ ಹೇಳಬೇಕಾದ ಮಾತಿದೆ. ಕಾರ್ಬ್ಯುರೇಟರಿನ ಜಾಗಕ್ಕೆ ಎಂಪಿಎಫ್‌ಐ ಎಂಬ ಇಂಜೆಕ್ಷನ್ ವ್ಯವಸ್ಥೆ ಬಂದ ಮೇಲೆ ಪೆಟ್ರೋಲ್ ಸಿಂಪಡಿಸುವುದು ಥ್ರಾಟಲ್ ದಾಟಿದ ಮೇಲೆ, ವಾಲ್ವಿನ ಬಾಗಿಲಲ್ಲಿ. ಹಾಗಾಗಿ ಪೆಟ್ರೋಲ್ ಆವಿಯಾಗುವುದರಿಂದ ಥ್ರಾಟಲ್ ತಣಿಯುವ ಕಾಟ ತಪ್ಪಿತು. ಈಚಿನ ಎಷ್ಟೋ ಕಾರುಗಳಲ್ಲಿ ಥ್ರಾಟಲಿಗೆ ಕೇಬಲ್ ಇಲ್ಲ, ಮೋಟಾರ್ ಇದೆ. ತಟ್ಟೆ ಹಿಮಕ್ಕೆ ಅಂಟಿದ್ದರೆ ಕಂಪ್ಯೂಟರ್ ಅದನ್ನು ಹಿಂದೆ ಮುಂದೆ ಅಲುಗಿಸಿ ಬಿಡಿಸುವ ವ್ಯವಸ್ಥೆ ಕೆಲವದರಲ್ಲಿ ಉಂಟು. ಕೆಲವು ಕಂಪನಿಗಳು ಥ್ರಾಟಲಿಗೆ ಕೂಲೆಂಟ್ ಕೊಡುವುದನ್ನೇ ಬಿಟ್ಟಿವೆ, ಆ ಕಾರುಗಳು ಹಿಮದ ನಾಡಿನಲ್ಲೂ ಓಡುತ್ತಿವೆ. ಪೈಪ್ ತೆಗೆದು ವರ್ಷಗಟ್ಟಲೆ ಓಡಿಸಿದ್ದೇನೆ, ಏನೂ ಆಗಿಲ್ಲ ಎನ್ನುವವನು ಸುಳ್ಳು ಹೇಳುತ್ತಿಲ್ಲ.

ಆದರೆ ಒಂದು ಕಂಪನಿ ಪೈಪನ್ನು ಬಿಟ್ಟಾಗ ಅದರ ಜೊತೆಗೆ ಬೇರೆ ನಾಲ್ಕು ಸಂಗತಿಗಳನ್ನೂ ಬದಲಿಸಿರುತ್ತದೆ. ನಾವು ಪೈಪ್ ಕಿತ್ತಾಗ ಬದಲಿಸುವುದು ಪೈಪನ್ನು ಮಾತ್ರ. ಇಲ್ಲಿ ಆ ಕಪ್ಪು ಜಿಡ್ಡಿನ ಮಾತಿಗೆ ಬರೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಆವಿಯಾಗುತ್ತದೆ. ಬಹುಪಾಲು ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ. ಸ್ವಲ್ಪ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ ಕೋಣೆಗೆ ಇಳಿಯುತ್ತದೆ. ಆ ಹಬೆಯನ್ನು ಹೊರಗೆ ಬಿಡಬಾರದೆಂದು ಪಿಸಿವಿ ಕೊಳವೆಯ ಮೂಲಕ ಮತ್ತೆ ಎಂಜಿನ್ ಎಳೆಯುವ ಗಾಳಿಗೇ ಸೇರಿಸುತ್ತಾರೆ, ಹಲವು ಕಾರುಗಳಲ್ಲಿ ಥ್ರಾಟಲಿನ ಆಚೀಚೆಯಲ್ಲೇ. ಬಟರ್‌ಫ್ಲೈ ಅಂಚಿನ ಜಿಡ್ಡು ಆ ಆಯಿಲ್ ಹಬೆಯದು, ಅದರ ಜೊತೆ ಬರುವುದು ನೀರಿನ ಆವಿ. ಹೊರಗಿನ ಗಾಳಿ ಎಷ್ಟೇ ಒಣಗಿರಲಿ, ಎಂಜಿನ್ ತನ್ನ ನೀರನ್ನು ತಾನೇ ತರುತ್ತದೆ. ಮೈನಸ್ 25 ಡಿಗ್ರಿಯ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವಾಗ ತಣ್ಣನೆಯ ತಟ್ಟೆಗೆ ಈ ಹಬೆ ತಾಗಿದರೆ ಪದರ ಪದರವಾಗಿ ಗಟ್ಟಿಯಾಗುವುದಕ್ಕೆ ಅಡ್ಡಿಯಿಲ್ಲ. ಆ ದಿನ ಆ ಪೈಪು ಬೇಕು.

ಹಿಮ ಕಟ್ಟಿದರೆ ಆಗುವುದೇನು? ತಟ್ಟೆ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ, ಇಲ್ಲವೇ ಐಡ್ಲಿಂಗ್ ಗಾಳಿಯ ಸಣ್ಣ ದಾರಿ ಮುಚ್ಚಿಕೊಂಡರೆ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗುತ್ತದೆ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ನಾವು ಬೈದುಕೊಳ್ಳುತ್ತೇವೆ, ಐದು ನಿಮಿಷ ನಿಂತರೆ ಎಂಜಿನ್ನಿನ ಬಿಸಿಗೇ ಕರಗಿ ಸರಿಹೋಗುತ್ತದೆ. ಮೆಕ್ಯಾನಿಕ್ ನೋಡುವ ಹೊತ್ತಿಗೆ ಕುರುಹೂ ಉಳಿಯದು. ಇನ್ನೊಂದು ಬಗೆ ಹೀಗಲ್ಲ. ತಟ್ಟೆ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಕಾಲು ತೆಗೆದರೂ ಗಾಡಿ ನಿಧಾನವಾಗುವುದಿಲ್ಲ. ಕೇಬಲ್ ಥ್ರಾಟಲಿನ ಸ್ಪ್ರಿಂಗಿಗೆ ಹಿಮವನ್ನು ಒಡೆಯುವಷ್ಟು ಬಲವಿಲ್ಲ. ಅದೂ ಹಿಮ ಬಿದ್ದು ಜಾರುವ ರಸ್ತೆಯಲ್ಲಿ. ಇದು ಅಪರೂಪ, ತೀರಾ ಅಪರೂಪ. ಆದರೆ ಇದರ ಎದುರಿಗೆ ತಕ್ಕಡಿಯಲ್ಲಿ ಇಟ್ಟಿರುವುದು ಕಾಲು ಅಶ್ವಶಕ್ತಿ.

ಅಂಥ ಹೊತ್ತು ಯಾವ ಕಾರಣಕ್ಕೇ ಬರಲಿ, ಮಾಡಬೇಕಾದದ್ದು ಇದು. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಿಟ್ಟು ಬಿಟ್ಟು ತುಳಿಯಬೇಡಿ. ಥ್ರಾಟಲ್ ತೆರೆದೇ ಇದ್ದಾಗ ಬ್ರೇಕಿಗೆ ನೆರವಾಗುವ ನಿರ್ವಾತ ಮತ್ತೆ ತುಂಬಿಕೊಳ್ಳುವುದಿಲ್ಲ, ಪ್ರತಿ ಸಲ ತುಳಿದಾಗಲೂ ಪೆಡಲ್ ಇನ್ನಷ್ಟು ಗಟ್ಟಿಯಾಗುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಅಬ್ಬರಿಸುತ್ತದೆ, ಅಬ್ಬರಿಸಲಿ. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಮಾಡಿ. ಓಡುತ್ತಿರುವಾಗಲೇ ಕೀ ಹೊರಕ್ಕೆ ಎಳೆದರೆ ಸ್ಟಿಯರಿಂಗ್ ಲಾಕ್ ಆಗುವ ಅಪಾಯವಿದೆ.

ಪೈಪ್ ಕೀಳುವುದರಲ್ಲಿ ಹಿಮಕ್ಕೆ ಸಂಬಂಧವೇ ಇಲ್ಲದ ತೊಡಕುಗಳೂ ಇವೆ. 1990ರ ದಶಕದ ಹಲವು ಹೋಂಡಾಗಳಲ್ಲಿ ಥ್ರಾಟಲ್ ಬಾಡಿಯ ಜೊತೆಗೇ ಮೇಣ ತುಂಬಿದ ಒಂದು ಸಣ್ಣ ವಾಲ್ವ್ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ತೆರೆದುಕೊಂಡು ಹೆಚ್ಚು ಗಾಳಿ ಬಿಡುತ್ತದೆ, ಅದಕ್ಕೇ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ ಏರಿರುತ್ತದೆ. ಕೂಲೆಂಟ್ ಕಾದಂತೆ ಮೇಣ ಕರಗಿ ಹಿಗ್ಗಿ ವಾಲ್ವ್ ಮುಚ್ಚುತ್ತದೆ. ಅಲ್ಲಿಗೆ ಕೂಲೆಂಟೇ ಹೋಗದಂತೆ ಮಾಡಿದರೆ ಆ ವಾಲ್ವಿನ ಪಾಲಿಗೆ ಎಂಜಿನ್ ಸದಾ ತಣ್ಣಗೆ. ಗಾಡಿ ದಿನವಿಡೀ ಮೇಲಿನ ಸುತ್ತಿನಲ್ಲೇ ಗುರುಗುಟ್ಟುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಶಕ್ತಿ ಹೆಚ್ಚಿಸಲು ಹೋಗಿ ಮೈಲೇಜ್ ಕಳೆದುಕೊಂಡಂತಾಯಿತು. ಜನರಲ್ ಮೋಟರ್ಸ್‌ನ ಎಲ್‌ಎಸ್1 ಎಂಜಿನ್ನಿನದು ಇನ್ನೊಂದು ಕಥೆ. ಅದರಲ್ಲಿ ಥ್ರಾಟಲಿಗೆ ಬರುವ ಕೊಳವೆ ಸಿಲಿಂಡರ್ ಹೆಡ್ಡಿನಲ್ಲಿ ಸಿಕ್ಕಿಕೊಳ್ಳುವ ಹಬೆ, ಗಾಳಿಗುಳ್ಳೆಗಳನ್ನು ರೇಡಿಯೇಟರಿಗೆ ಸಾಗಿಸುವ ದಾರಿಯೂ ಹೌದು. ಥ್ರಾಟಲನ್ನು ತಪ್ಪಿಸಿ ಕೊಳವೆಯನ್ನು ನೇರ ರೇಡಿಯೇಟರಿಗೆ ಜೋಡಿಸಿದರೆ ಸರಿ. ಬಾಯಿಗೆ ಬಿರಡೆ ಬಡಿದು ಮುಚ್ಚಿದರೆ ಗುಳ್ಳೆಗಳು ಹೆಡ್ಡಿನಲ್ಲೇ ನಿಂತು ಅದು ಅಲ್ಲಲ್ಲಿ ವಿಪರೀತ ಕಾಯುತ್ತದೆ. ಎರಡು ಪೈಪುಗಳು ಹೊರನೋಟಕ್ಕೆ ಒಂದೇ ಥರ ಇದ್ದ ಮಾತ್ರಕ್ಕೆ ಅವುಗಳ ಕೆಲಸವೂ ಒಂದೇ ಎಂದುಕೊಳ್ಳುವಂತಿಲ್ಲ.

ಕರ್ನಾಟಕದಲ್ಲಿ ಇದರ ಗತಿ ಏನು? ಬೆಂಗಳೂರಿನ ಅತಿ ಕಡಿಮೆ ತಾಪ 1884ರ ಜನವರಿ 13ರಂದು ದಾಖಲಾಯಿತು, 7.8 ಡಿಗ್ರಿ. ಇಂಜೆಕ್ಷನ್ ಕಾರಿನ ಥ್ರಾಟಲಿಗೆ ಇಲ್ಲಿ ಹಿಮದ ಭಯವಿಲ್ಲ. ಹಾಗೆಂದು ಕಿತ್ತರೆ ಲಾಭವೂ ಇಲ್ಲ. ಬದಲಿಗೆ ಕೂಲೆಂಟಿನ ದಾರಿಯಲ್ಲಿ ಕಂಪನಿ ಇಡದ ಒಂದು ಹೊಸ ಜಾಯಿಂಟ್, ಎರಡು ಹೊಸ ಕ್ಲಿಪ್ ಸೇರಿಕೊಳ್ಳುತ್ತವೆ. ಅಗ್ಗದ ಕ್ಲಿಪ್ ಸಡಿಲವಾಗಿ ಕೂಲೆಂಟ್ ಹನಿಹನಿಯಾಗಿ ಸೋರಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲೋ ಚಾರ್ಮಾಡಿ ಏರಿನಲ್ಲೋ ಎಂಜಿನ್ ಕಾದು ಗ್ಯಾಸ್ಕೆಟ್ ಹೋದರೆ ಆ ಬಿಲ್ಲಿನ ದುಡ್ಡಿಗೆ ಪಿಕಪ್‌ಗೆ ನಿಜಕ್ಕೂ ನೆರವಾಗುವ ಎಷ್ಟೋ ಏರ್ ಫಿಲ್ಟರ್ ಬರುತ್ತಿದ್ದವು. ನಮ್ಮಲ್ಲಿ ನಿಜಕ್ಕೂ ಸರಿಮಾಡಬೇಕಾದ ಅಭ್ಯಾಸ ಬೇರೆಯದು, ಕೂಲೆಂಟ್ ಕಮ್ಮಿಯಾದಾಗಲೆಲ್ಲ ಬರೀ ನಲ್ಲಿ ನೀರು ಸುರಿಯುವುದು. ಊರಿನಲ್ಲಿ ಅದು ಒಳಗೊಳಗೇ ತುಕ್ಕು ಹಿಡಿಸುತ್ತದೆ. ಅದೇ ಗಾಡಿ ಚಳಿಗಾಲದಲ್ಲಿ ಲಡಾಖಿಗೆ ಹೋದರೆ ರಾತ್ರಿ ನಿಂತಲ್ಲೇ ನೀರು ಹೆಪ್ಪುಗಟ್ಟಿ, ಹಿಗ್ಗಿ, ರೇಡಿಯೇಟರನ್ನೋ ಬ್ಲಾಕನ್ನೋ ಸೀಳಬಹುದು. ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಅರ್ಧಕ್ಕರ್ಧ ನೀರಿನೊಂದಿಗೆ ಬೆರೆಸಿದ್ದರೆ ಮೈನಸ್ 35 ಡಿಗ್ರಿಯ ಆಸುಪಾಸಿನವರೆಗೆ ಹೆಪ್ಪುಗಟ್ಟುವುದಿಲ್ಲ. ಲಡಾಖಿಗೆ ಹೊರಟವರು ತಲೆ ಕೆಡಿಸಿಕೊಳ್ಳಬೇಕಾದದ್ದು ಈ ಮಿಶ್ರಣದ ಬಗ್ಗೆ. ಹೇಗೂ 5,300 ಮೀಟರ್ ದಾಟಿದ ಖರ್ದುಂಗ್ ಲಾ ಕಣಿವೆಮಾರ್ಗದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಅರ್ಧ ಶಕ್ತಿಯನ್ನು ಬೆಟ್ಟವೇ ಕಸಿದುಕೊಂಡ ಮೇಲೆ ಒಂದು ಪೈಪು ಏನು ಮಹಾ ಕೊಟ್ಟೀತು?

ಈ ಪೈಪಿನ ಪ್ರಶ್ನೆ ಪೈಪಿಗೇ ಮುಗಿಯುವುದಿಲ್ಲ ಎಂಬುದರಿಂದಲೇ ಇಷ್ಟು ಬರೆಯಬೇಕಾಯಿತು. ಕೆಲವು ಏರ್ಪಾಡುಗಳು ದಿನಾ ಕೆಲಸ ಮಾಡುವುದಿಲ್ಲ. ಮಾಡುವ ದಿನ ಬರುವವರೆಗೂ ಅವು ದಂಡವೆನಿಸುತ್ತವೆ. ಕೆರೆಯ ಕೋಡಿ, ಅದರ ಮುಂದಿನ ಕಾಲುವೆ ಇಂಥವು. ನಾಲ್ಕಾರು ವರ್ಷ ಮಳೆ ಕೈಕೊಟ್ಟರೆ ಕೋಡಿ ಹರಿದ ನೆನಪೇ ಜನರಿಗೆ ಇರುವುದಿಲ್ಲ. ಒಣಗಿದ ಕಾಲುವೆ ಸುಮ್ಮನೆ ಬಿದ್ದ ಜಾಗದಂತೆ ಕಾಣುತ್ತದೆ; ಒಬ್ಬ ಕಾಂಪೌಂಡ್ ಸರಿಸುತ್ತಾನೆ, ಇನ್ನೊಬ್ಬ ಮಣ್ಣು ತುಂಬುತ್ತಾನೆ, ಏನೂ ಆಗುವುದಿಲ್ಲ. ಏನೂ ಆಗಲಿಲ್ಲ ಎಂಬುದೇ ಮುಂದಿನವನಿಗೆ ಪ್ರಮಾಣಪತ್ರ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದಾಗ, ಒತ್ತುವರಿಯಾದ ರಾಜಕಾಲುವೆಗಳು ಎಲ್ಲೆಲ್ಲಿ ಹರಿಯಬೇಕಿತ್ತು ಎಂಬುದನ್ನು ನೀರೇ ತೋರಿಸಿಕೊಟ್ಟಿತು.

ಹಾಗಾಗಿ ‘ನನಗೇನೂ ಆಗಿಲ್ಲ’ ಎಂಬ ಅನುಭವವನ್ನು ತೂಗಿ ನೋಡಬೇಕು. ಅಪರೂಪದ ಅಪಾಯಕ್ಕೆಂದು ಇಟ್ಟ ಏರ್ಪಾಡನ್ನು ತೆಗೆದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ; ಅಪರೂಪ ಎಂಬುದರ ಅರ್ಥವೇ ಅದು. ಅವರ ಅನುಭವ ನಿಜ, ಅದರಿಂದ ಅವರು ಇಳಿಯುವ ತೀರ್ಮಾನ ನಿಜವಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರೇ. ಇದನ್ನು ಯಾವ ದಿನಕ್ಕಾಗಿ ಇಟ್ಟಿದ್ದಾರೆ? ಆ ದಿನ ನಾನಿರುವ ಊರಿನಲ್ಲಿ ಬರುವುದುಂಟೇ? ಬಂದರೆ ಕಳೆದುಕೊಳ್ಳುವುದು ಏನು, ಬಾರದಿದ್ದರೆ ಉಳಿಸಿಕೊಳ್ಳುವುದು ಎಷ್ಟು? ಇಟ್ಟವರೆಲ್ಲ ಸರ್ವಜ್ಞರಲ್ಲ. ಕಾಲ ಬದಲಾದ ಮೇಲೂ ಕೆಲಸವಿಲ್ಲದೆ ಉಳಿದುಕೊಂಡ ಪೈಪುಗಳೂ ಇದ್ದಾವು, ಕಾನೂನುಗಳೂ ಇದ್ದಾವು. ಅವನ್ನು ಕೀಳುವ ಹಕ್ಕು ಮೊದಲ ಪ್ರಶ್ನೆಗೆ ಉತ್ತರ ತಿಳಿದವನಿಗೆ ಇದೆ. ಉಳಿದವರು ಕ್ಲಿಪ್ಪಿಗೆ ಕೈ ಹಾಕದಿರುವುದು ಲೇಸು.

ಮಿನ್ನೆಸೋಟದ ಹುಡುಗನಿಗೂ ಇಲ್ಲಿಯ ಓದುಗರಿಗೂ ನನ್ನ ಮಾತು ಇಷ್ಟೇ. ಹಿಮ ಬೀಳುವ ಊರಿನಲ್ಲಿ, ಸೊನ್ನೆಯ ಆಸುಪಾಸು ಮಂಜು, ಜಡಿಮಳೆ ಇರುವ ಊರಿನಲ್ಲಿ ಥ್ರಾಟಲ್ ಬಾಡಿಯ ಕೂಲೆಂಟ್ ಪೈಪನ್ನು ಮುಟ್ಟಬೇಡಿ. ಯಾರೋ ಹಳೆಯ ಮಾಲೀಕರು ಮೊದಲೇ ಬೈಪಾಸ್ ಮಾಡಿಸಿದ್ದರೆ ಚಳಿಗಾಲಕ್ಕೆ ಮುಂಚೆ ಮೊದಲಿನಂತೆ ಜೋಡಿಸಿಬಿಡಿ, ಕೂಲೆಂಟ್ ತುಂಬಿಸಿ ಗಾಳಿಗುಳ್ಳೆ ಹೊರಗೆ ಹೋಗುವವರೆಗೆ ಎಂಜಿನ್ ಓಡಿಸಿ ನೋಡಿ. ಬೆಚ್ಚಗಿನ ಊರಿನವರು ಕಿತ್ತರೆ ಹಿಮದಿಂದ ಕೆಡುಕಿಲ್ಲ, ಆದರೆ ಕೀಳುವುದಕ್ಕೆ ಕಾರಣವೂ ಇಲ್ಲ. ಪಿಕಪ್ ಬೇಕಿದ್ದರೆ ಆ ಹತ್ತು ನಿಮಿಷವನ್ನು ಏರ್ ಫಿಲ್ಟರ್ ಬದಲಿಸುವುದಕ್ಕೆ, ಬಟರ್‌ಫ್ಲೈ ಅಂಚಿನ ಕಪ್ಪು ಜಿಡ್ಡು ಒರೆಸುವುದಕ್ಕೆ, ಟೈರಿಗೆ ಸರಿಯಾಗಿ ಗಾಳಿ ಹಿಡಿಸುವುದಕ್ಕೆ ಕೊಡಿ. ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.